ಮತ ಬದಲಾದ ತಾರೀಖು ಯಾವುದು?

ನಮ್ಮ ವೈ.ಎನ್.ಹೊಸಕೋಟೆಯ ಸುತ್ತಮುತ್ತಲ ಹಳ್ಳಿಗಳಲ್ಲಿ ಬಾಬಯ್ಯ, ಫಕೀರಪ್ಪ ಎಂಬ ಹೆಸರಿನವರು ಸಿಗುತ್ತಾರೆ. ಅವರು ಮುಸಲ್ಮಾನರಲ್ಲ. ಮನೆದೇವರು ತಿಮ್ಮಪ್ಪನೋ ನರಸಿಂಹನೋ ಆಗಿರುತ್ತಾನೆ, ಊರ ಮಾರಮ್ಮನಿಗೆ ವರ್ಷಕ್ಕೊಮ್ಮೆ ಎಡೆ ತಪ್ಪುವುದಿಲ್ಲ. ಹುಟ್ಟಿದ ಕೂಸುಗಳು ಉಳಿಯದೆ ಹೋದ ಕಾಲದಲ್ಲಿ ಆ ಮನೆಯ ಯಾರೋ ಒಬ್ಬ ಅಜ್ಜಿ ಪೆನುಕೊಂಡದ ಬಾಬಯ್ಯನ ದರ್ಗಾಕ್ಕೆ ಹೋಗಿ ಹರಕೆ ಹೊತ್ತಿರುತ್ತಾಳೆ. ಉಳಿದ ಕೂಸಿಗೆ ಆ ಹೆಸರು ನಿಂತಿರುತ್ತದೆ. ಸಕ್ಕರೆ ಓದಿಸಿಕೊಂಡು ಬಂದ ಕೈಯಲ್ಲೇ ಮಾರನೆಯ ದಿನ ತುಳಸಿಗೆ ನೀರು ಹಾಕುತ್ತಾರೆ. ಇದನ್ನು ನಮ್ಮ ಕಡೆ ಯಾರೂ ಮತಾಂತರ ಎನ್ನುವುದಿಲ್ಲ. ಮತ್ತೇನು ಎಂದು ಕೇಳಿದರೆ ‘ನಡ್ಕಂಡು ಬಂದದ್ದು’ ಎನ್ನುತ್ತಾರೆ, ಅಷ್ಟೆ.

ನಮ್ಮ ಮಗ್ಗದ ಬೀದಿಗೆ ಕಂಡಿಕೆ ಸುತ್ತಲು ಬರುವ ಒಬ್ಬ ಹೆಣ್ಣುಮಗಳು ಕೆಲವು ವರ್ಷಗಳಿಂದ ಭಾನುವಾರ ಪ್ರಾರ್ಥನೆಗೆ ಹೋಗುತ್ತಾರೆ. ಗಂಡನ ಕುಡಿತ ಬಿಡಿಸಬೇಕೆಂದು ಯಾರೋ ಕರೆದುಕೊಂಡು ಹೋಗಿದ್ದರಂತೆ. ಅವನು ಕುಡಿಯುವುದನ್ನು ಬಿಟ್ಟನೋ ಇಲ್ಲವೋ, ಆಕೆ ಹೋಗುವುದನ್ನು ಬಿಡಲಿಲ್ಲ. ಮಾರಮ್ಮನ ಜಾತ್ರೆಯಲ್ಲಿ ತಂಬಿಟ್ಟಿನ ಆರತಿಯನ್ನೂ ಹೊರುತ್ತಾರೆ. ಪ್ರಾರ್ಥನೆಯ ಕಡೆಯವರು ಆಕೆಯದು ಅರ್ಧ ನಂಬಿಕೆ ಎನ್ನುತ್ತಾರೆ. ಊರಿನ ಹಿರಿಯರು ಎರಡು ದೋಣಿಯ ಮೇಲೆ ಕಾಲು ಎನ್ನುತ್ತಾರೆ. ಬೇರೆ ಯಾವ ವಿಷಯದಲ್ಲೂ ಹೊಂದಿಕೆಯಾಗದ ಈ ಎರಡು ಗುಂಪುಗಳು ಇದೊಂದನ್ನು ಒಟ್ಟಾಗಿ ಒಪ್ಪುತ್ತವೆ: ಇದು ಸರಿಯಲ್ಲ, ಈ ಕಡೆಯಾದರೂ ಇರಬೇಕು, ಆ ಕಡೆಯಾದರೂ ಹೋಗಬೇಕು. ಒಮ್ಮೆ ನಾನೇ ಕೇಳಿದ್ದಕ್ಕೆ ಆಕೆ, ‘ಯೇಸಯ್ಯ ಬ್ಯಾಡ ಅಂದವ್ನಾ ಅಣ್ಣಾ? ಮಾರಮ್ಮ ಬ್ಯಾಡ ಅಂದವ್ಳಾ? ಬ್ಯಾಡ ಅನ್ನೋರೆಲ್ಲ ನಿಮ್ಮಂಥೋರೇ’ ಎಂದು ಹೇಳಿ ರಾಟೆ ತಿರುಗಿಸತೊಡಗಿದರು.

ಈ ಅರ್ಧ ನಂಬಿಕೆ ಎನ್ನುವುದು ಏನು? ಅದು ಸುಳ್ಳೇ, ಅಜ್ಞಾನವೇ, ಇಲ್ಲ ಅದಕ್ಕೆ ಅದರದೇ ಆದ ಒಂದು ಪ್ರಾಮಾಣಿಕತೆ ಇದೆಯೇ? ಒಂದು ಹೊಸ ಮತ ಸಾಮಾನ್ಯ ಜನರ ನಡುವೆ ಇಳಿದು ಬರುವಾಗ ಯಾವ ದಿನದಿಂದ ಅವರು ಆ ಮತದವರಾದರು ಎಂದು ಹೇಳಬಹುದು? ಇದನ್ನು ಯೋಚಿಸುವಾಗಲೆಲ್ಲ ಇನ್ನೂರು ವರ್ಷಗಳ ಹಿಂದೆ ಮೈಸೂರು ಸೀಮೆಯಲ್ಲಿ ಓಡಾಡಿಕೊಂಡಿದ್ದ ಒಬ್ಬ ಪಾದ್ರಿ ನೆನಪಾಗುತ್ತಾರೆ.

ಅಬ್ಬೆ ದ್ಯುಬುವಾ 1792ರಲ್ಲಿ ಫ್ರಾನ್ಸಿನಿಂದ ಇಲ್ಲಿಗೆ ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಅವರನ್ನು ಕರೆಸಿಕೊಂಡರು. ಇಲ್ಲಿಯವರ ಹಾಗೆಯೇ ಉಟ್ಟು ಉಂಡು ಬದುಕಿದರು. ಜನ ದೊಡ್ಡ ಸ್ವಾಮಿಯವರು ಎಂದರು. ಸಿಡುಬಿನ ಲಸಿಕೆ ಆಗತಾನೆ ಬಂದಿದ್ದ ಕಾಲದಲ್ಲಿ ಅದನ್ನು ಹಳ್ಳಿಗಳಿಗೆ ತಲುಪಿಸಲು ಓಡಾಡಿದರು. ಹಾಸನ ಸೀಮೆಯಲ್ಲಿ ಬಡ ಕ್ರೈಸ್ತರನ್ನು ಬೇಸಾಯಕ್ಕೆ ನೆಲೆ ನಿಲ್ಲಿಸಿದರು. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ದೊಡ್ಡ ಪುಸ್ತಕವನ್ನು ಇಂದಿಗೂ ಓದುವವರಿದ್ದಾರೆ, ಬೈಯುವವರೂ ಇದ್ದಾರೆ. ನನಗೆ ಮುಖ್ಯವಾದದ್ದು ಅದಲ್ಲ, 1823ರಲ್ಲಿ ಅವರು ಊರಿಗೆ ಮರಳಿದ ವರ್ಷವೇ ಲಂಡನ್ನಿನಲ್ಲಿ ಅಚ್ಚಾದ ಇನ್ನೊಂದು ಪುಸ್ತಕ. ಇಂಡಿಯಾದಲ್ಲಿ ಕ್ರೈಸ್ತ ಮತದ ಸ್ಥಿತಿ ಹೇಗಿದೆ ಎಂಬುದರ ಬಗ್ಗೆ ಬರೆದ ಪತ್ರಗಳು ಅದರಲ್ಲಿವೆ. ಇಲ್ಲಿಯವರನ್ನು ನಿಜವಾದ ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ ಎಂಬುದು ಅವರ ತೀರ್ಮಾನ.

ತೀರ್ಮಾನಕ್ಕೆ ಲೆಕ್ಕವನ್ನೂ ಕೊಟ್ಟರು. 25 ವರ್ಷದ ದುಡಿಮೆಯಲ್ಲಿ ತಾನು ಸೇರಿಸಿದ್ದು ಗಂಡು ಹೆಣ್ಣು ಎಲ್ಲ ಕೂಡಿ 200ರಿಂದ 300 ಜನ. ಅವರಲ್ಲಿ ಮೂರರಲ್ಲಿ ಎರಡು ಪಾಲು ಹೊಲೆಯರು, ಭಿಕ್ಷುಕರು. ಉಳಿದವರು ಜಾತಿಯಿಂದ ಹೊರಬಿದ್ದವರು, ದಿಕ್ಕಿಲ್ಲದವರು. ಹೊಸ ನೆಂಟಸ್ತಿಕೆಗಾಗಿ, ಮುಖ್ಯವಾಗಿ ಮದುವೆಗಾಗಿ ಬಂದವರು. ಬರೀ ನಂಬಿಕೆಯಿಂದ ಬಂದವರು ಅವರ ಕಣ್ಣಿಗೆ ಬೀಳಲಿಲ್ಲ. ಮಿಷನ್ ಸಂಘಗಳು ವರ್ಷ ವರ್ಷವೂ ಉಬ್ಬಿಸಿದ ಲೆಕ್ಕ ಕಳಿಸುತ್ತಿದ್ದ ಕಾಲದಲ್ಲಿ ಇಷ್ಟು ಬಿಚ್ಚಿ ಬರೆಯಲು ಧೈರ್ಯ ಬೇಕಿತ್ತು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ. ಅವರು ಹಿಡಿದಿದ್ದ ಅಳತೆಗೋಲಿನ ಬಗ್ಗೆ ಸಂಶಯ.

ಅಳತೆಗೋಲು ಬಂದದ್ದು ಅವರ ಊರಿನಿಂದ. ದಕ್ಷಿಣ ಫ್ರಾನ್ಸಿನ ಆರ್ದೆಶ್ ಸೀಮೆಯ ಆ ಹಳ್ಳಿಯಲ್ಲಿ ಹುಟ್ಟಿದವರೆಲ್ಲ ಕ್ರೈಸ್ತರೇ, ಗಂಟೆ ಹೊಡೆದರೆ ಚರ್ಚಿಗೆ ಹೋಗುವವರೇ. ಹಾಗಾದರೆ ಆ ಹಳ್ಳಿಗಳು ಯಾವಾಗ, ಹೇಗೆ ಕ್ರೈಸ್ತವಾದವು? ಶಾಲೆಯ ಪುಸ್ತಕ ರಾಜರ ತಾರೀಖುಗಳನ್ನು ಹೇಳುತ್ತದೆ. ಸುಮಾರು 500ರ ಹೊತ್ತಿಗೆ ಫ್ರಾಂಕರ ದೊರೆ ಕ್ಲೋವಿಸ್ ದೀಕ್ಷಾಸ್ನಾನ ಪಡೆದ. 600ಕ್ಕೆ ಸ್ವಲ್ಪ ಮುಂಚೆ ಇಂಗ್ಲೆಂಡಿನ ಕೆಂಟ್ ಸೀಮೆಯ ದೊರೆ ಎಥೆಲ್ಬರ್ಟ್, 988ರಲ್ಲಿ ಕೀವ್‌ನ ವ್ಲಾದಿಮಿರ್. ದೊರೆ ನೀರಿಗಿಳಿದ, ಪ್ರಜೆಗಳೂ ಇಳಿದರು, ದೇಶ ಕ್ರೈಸ್ತವಾಯಿತು. ಇಳಿದ ಪ್ರಜೆಗಳು ಮನೆಗೆ ಹೋಗಿ ಏನು ಮಾಡಿದರು ಎಂಬುದನ್ನು ಆ ಪುಸ್ತಕ ಹೇಳುವುದಿಲ್ಲ.

ನಮ್ಮಲ್ಲೂ ಹಾಗೆಯೇ ಅಲ್ಲವೇ? ಪಾವಗಡ ತಾಲ್ಲೂಕಿನ ನಿಡಗಲ್ಲು ಬೆಟ್ಟದಲ್ಲಿ 1232ರಲ್ಲಿ ಪಾರ್ಶ್ವನಾಥನಿಗೆ ಬಸದಿ ಕಟ್ಟಿಸಿದ್ದನ್ನು ಹೇಳುವ ಶಾಸನವಿದೆ. ಮಧುಗಿರಿಯ ಕೋಟೆಯ ಬುಡದಲ್ಲೂ ಬಸದಿ ಇದೆ. ಆ ಬಸದಿಗಳಿಗೆ ಎಣ್ಣೆ ಕೊಟ್ಟ ಗಾಣಿಗರು, ಅದರ ಹೊಲ ಉತ್ತ ರೈತರು ಯಾವ ದಿನ ಜೈನರಾಗಿದ್ದರು, ಯಾವ ದಿನ ಶೈವರಾದರು ಎಂದು ಯಾವ ಕಲ್ಲಿನ ಮೇಲೂ ಬರೆದಿಲ್ಲ. ದಾನ ಕೊಟ್ಟವರ ಮತಕ್ಕೆ ತಾರೀಖು ಇರುತ್ತದೆ. ಎಣ್ಣೆ ಹೊತ್ತವರ ಮತಕ್ಕೆ ಇರುವುದಿಲ್ಲ.

ಯುರೋಪಿನ ಮಾತಿಗೆ ಬರೋಣ. ಕ್ರೈಸ್ತರಲ್ಲದವರನ್ನು ಪೇಗನ್ ಎಂದು ಕರೆಯುತ್ತಾರಲ್ಲ, ಲ್ಯಾಟಿನ್ನಿನ ಆ ಪದಕ್ಕೆ ಮೊದಲಿದ್ದ ಅರ್ಥ ಹಳ್ಳಿಯವನು ಎಂದು. ಮತ ಪಟ್ಟಣದಿಂದ ಹೊರಟಿತ್ತು. ಹಳ್ಳಿಗೆ ತಲುಪಲು ನೂರಾರು ವರ್ಷ ಹಿಡಿಯಿತು. ತಲುಪಿದ ಮೇಲೂ ಹಳೆಯದನ್ನು ಹೊರಗೆ ಹಾಕಿ ಒಳಗೆ ಬರಲಿಲ್ಲ, ಅದರ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತಿತು. ಪೂರ್ವ ಇಂಗ್ಲೆಂಡಿನಲ್ಲಿ ರೆಡ್ವಾಲ್ಡ್ ಎಂಬ ದೊರೆಯಿದ್ದ. ದೀಕ್ಷಾಸ್ನಾನ ಪಡೆದು ಬಂದವನು ಒಂದೇ ಗುಡಿಯಲ್ಲಿ ಕ್ರಿಸ್ತನಿಗೊಂದು ಪೀಠ, ಹಳೆಯ ದೇವರುಗಳಿಗೊಂದು ಚಿಕ್ಕ ಪೀಠ ಇಟ್ಟುಕೊಂಡಿದ್ದ. 731ರ ಹೊತ್ತಿಗೆ ತನ್ನ ಚರಿತ್ರೆ ಬರೆದು ಮುಗಿಸಿದ ಬೀಡ್ ಎಂಬ ಸನ್ಯಾಸಿ ಇದನ್ನು ದೊಡ್ಡ ಅಪರಾಧವೆಂಬಂತೆ ಬರೆದಿದ್ದಾನೆ. ನಮ್ಮ ಕಡೆಯ ಯಾವ ದೇವರ ಕೋಣೆಯನ್ನಾದರೂ ನೋಡಿದ್ದರೆ ಅವನಿಗೆ ಅಷ್ಟು ಆಶ್ಚರ್ಯ ಆಗುತ್ತಿರಲಿಲ್ಲ. ತಿರುಪತಿ ತಿಮ್ಮಪ್ಪನ ಪಟದ ಪಕ್ಕ ಧರ್ಮಸ್ಥಳದ ಮಂಜುನಾಥ, ಅದರ ಪಕ್ಕ ಶಿರಡಿಯ ಬಾಬಾ, ಈಚೆಗೆ ವೇಲಾಂಕಣಿಯ ತಾಯಿ.

ಅದೇ ಬೀಡ್‌ನ ಪುಸ್ತಕದಲ್ಲಿ ಪೋಪ್ ಗ್ರೆಗರಿ 601ರಲ್ಲಿ ಬರೆದ ಒಂದು ಕಾಗದವೂ ಇದೆ. ಇಂಗ್ಲೆಂಡಿಗೆ ಹೊರಟಿದ್ದ ಮೆಲ್ಲಿಟಸ್ ಎಂಬ ಪಾದ್ರಿಗೆ ಬರೆದದ್ದು. ಗುಡಿಗಳನ್ನು ಕೆಡವಬೇಡಿ, ಒಳಗಿನ ವಿಗ್ರಹಗಳನ್ನು ಮಾತ್ರ ತೆಗೆದು ತೀರ್ಥ ಪ್ರೋಕ್ಷಿಸಿ ನಮ್ಮ ಪೀಠವನ್ನಿಡಿ. ಜನರಿಗೆ ಪರಿಚಯವಿರುವ ಜಾಗವಾದರೆ ತಾವಾಗಿ ಬರುತ್ತಾರೆ. ಹಬ್ಬಕ್ಕೆ ದನ ಕಡಿಯುವ ರೂಢಿ ಇದ್ದರೆ ಕಡಿಯಲಿ, ಆದರೆ ಸಂತರ ದಿನದಂದು ಕಡಿದು ದೇವರನ್ನು ನೆನೆದು ಉಣ್ಣಲಿ. ಬೆಟ್ಟ ಹತ್ತುವವನು ಹೆಜ್ಜೆ ಹೆಜ್ಜೆಯಾಗಿ ಹತ್ತುತ್ತಾನೆ, ಹಾರುವುದಿಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ಸ್ವಲ್ಪವೇ ಮುಂಚೆ ಇದೇ ಪೋಪ್ ಎಥೆಲ್ಬರ್ಟನಿಗೆ ಗುಡಿಗಳನ್ನು ಕೆಡವು ಎಂದು ಬರೆದಿದ್ದರು. ಆಮೇಲೆ ಯೋಚಿಸಿ ಮನಸ್ಸು ಬದಲಿಸಿದರು. ಮತಗಳ ಚರಿತ್ರೆಯಲ್ಲಿ ದೊಡ್ಡ ಜಾಗದಲ್ಲಿ ಕೂತವರು ಹೀಗೆ ಮರುಯೋಚನೆ ಮಾಡಿದ್ದು ಅಪರೂಪ.

ಐಸ್‌ಲ್ಯಾಂಡಿನವರು ಸುಮಾರು 1000ದ ಇಸವಿಯಲ್ಲಿ ತಮ್ಮ ಊರಸಭೆಯಲ್ಲಿ ಕೂತು ಕ್ರೈಸ್ತರಾಗುವುದೆಂದು ತೀರ್ಮಾನಿಸಿದರು. ತೀರ್ಪು ಹೇಳಬೇಕಾದ ಹಿರಿಯ ಹಳೇ ಮತದವನು. ಒಂದು ಹಗಲು ಒಂದು ರಾತ್ರಿ ಕಂಬಳಿ ಹೊದ್ದು ಮಲಗಿ ಯೋಚಿಸಿ ಎದ್ದು ಬಂದು ಹೇಳಿದನಂತೆ: ಎಲ್ಲರೂ ದೀಕ್ಷೆ ಪಡೆಯೋಣ, ಆದರೆ ಕುದುರೆ ಮಾಂಸ ತಿನ್ನುವುದು ಮೊದಲಿನಂತೆಯೇ ಇರಲಿ, ಮನೆಯೊಳಗೆ ಗುಟ್ಟಾಗಿ ಹಳೇ ದೇವರಿಗೆ ಬಲಿ ಕೊಟ್ಟರೆ ತಪ್ಪಿಲ್ಲ. ನಮ್ಮ ಕಡೆಯ ನ್ಯಾಯ ಪಂಚಾಯಿತಿಯಲ್ಲಿ ಎರಡೂ ಕಡೆಯವರು ಹೊಡೆದಾಡದೆ ಮನೆಗೆ ಹೋಗಲಿ ಎಂದು ಕೊಡುವ ತೀರ್ಪಿನ ಹಾಗೆಯೇ ಇದೆ. ಆ ವಿನಾಯಿತಿಗಳನ್ನು ಆಮೇಲೆ ತೆಗೆದರು. ಆ ಹೊತ್ತಿಗೆ ಕೇಳುವವರೂ ಕಡಿಮೆಯಾಗಿದ್ದರು.

ಜರ್ಮನಿಯ ವೋರ್ಮ್ಸ್‌ನ ಬಿಷಪ್ ಬುರ್ಕಾರ್ಡ್ 11ನೇ ಶತಮಾನದ ಶುರುವಿನಲ್ಲಿ ಪಾದ್ರಿಗಳಿಗಾಗಿ ಒಂದು ಪ್ರಶ್ನೆಗಳ ಪಟ್ಟಿ ಸಿದ್ಧಮಾಡಿದರು. ಪಾಪ ನಿವೇದನೆಗೆ ಬಂದ ರೈತರನ್ನು ಕೇಳಬೇಕಾದ ಪ್ರಶ್ನೆಗಳು. ಊಟೆಯ ಹತ್ತಿರ, ಕಲ್ಲಿನ ಹತ್ತಿರ, ಮರದ ಬುಡದಲ್ಲಿ, ನಾಲ್ಕು ದಾರಿ ಕೂಡುವಲ್ಲಿ ಹೋಗಿ ಬೇಡಿಕೊಂಡೆಯಾ? ದೀಪ ಹಚ್ಚಿಟ್ಟೆಯಾ? ಹೌದೆಂದರೆ ಇಷ್ಟು ದಿನ ಬರೀ ರೊಟ್ಟಿ ನೀರು. ಕ್ಲೋವಿಸ್ ನೀರಿಗಿಳಿದು 500 ವರ್ಷ ದಾಟಿದ ಮೇಲೂ ಇಂಥ ಪ್ರಶ್ನೆ ಕೇಳಬೇಕಾಗಿತ್ತು ಎನ್ನುವುದೇ ಉತ್ತರವನ್ನು ಹೇಳುತ್ತದೆ. ವರ್ಷಕ್ಕೆ ಒಂದು ಸಲವಾದರೂ ಪಾಪ ನಿವೇದನೆ ಮಾಡಲೇಬೇಕು ಎಂದು ಎಲ್ಲ ಕ್ರೈಸ್ತರಿಗೂ ಕಟ್ಟಳೆಯಾದದ್ದು 1215ರಲ್ಲಿ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ನಾಯಿಯ ಕಥೆ. 13ನೇ ಶತಮಾನದ ನಡುವಿನಲ್ಲಿ ಬೂರ್ಬೋಂನ ಸ್ಟೀಫನ್ ಎಂಬ ಡೊಮಿನಿಕನ್ ಪಾದ್ರಿ ಲಿಯೋನ್ ಪಟ್ಟಣದ ಉತ್ತರಕ್ಕಿರುವ ಹಳ್ಳಿಗಳಲ್ಲಿ ಉಪದೇಶ ಮಾಡುತ್ತ ಹೋಗುತ್ತಿದ್ದ. ಅಲ್ಲಿಯ ಹೆಂಗಸರು ತಾವು ಕಾಹಿಲೆಯ ಕೂಸುಗಳನ್ನು ಸಂತ ಗಿನೆಫೋರ್‌ನ ಬಳಿ ಒಯ್ಯುವುದಾಗಿ ಹೇಳಿದರು. ಯಾರಪ್ಪಾ ಈ ಸಂತ ಎಂದು ವಿಚಾರಿಸಿದರೆ, ಅದು ಒಂದು ಬೇಟೆ ನಾಯಿ. ಒಬ್ಬ ಪಾಳೇಗಾರನ ಮನೆಯಲ್ಲಿ ತೊಟ್ಟಿಲ ಬಳಿಗೆ ಹಾವು ಬಂತು. ನಾಯಿ ಅದನ್ನು ಕೊಂದು ಕೂಸನ್ನು ಉಳಿಸಿತು. ಮಗುಚಿದ ತೊಟ್ಟಿಲು, ನಾಯಿಯ ಬಾಯಲ್ಲಿ ರಕ್ತ ನೋಡಿದ ಯಜಮಾನ ಹಿಂದುಮುಂದು ನೋಡದೆ ಕತ್ತಿಯಿಂದ ಕಡಿದ. ಆಮೇಲೆ ಅಳುತ್ತ ಅದನ್ನು ಹೂತು, ಮೇಲೆ ಕಲ್ಲು ಪೇರಿಸಿ, ಸುತ್ತ ಮರ ನೆಡಿಸಿದ.

ಕಥೆ ಯಾರಿಗೆ ಗೊತ್ತಿಲ್ಲ? ಪಂಚತಂತ್ರದ ಮುಂಗುಸಿಯ ಕಥೆ. ಶಾಲೆಯ ಮೆಟ್ಟಿಲು ಹತ್ತಿದ ಪ್ರತಿಯೊಂದು ಕನ್ನಡದ ಮಗುವೂ ಇದನ್ನು ಕೇಳಿರುತ್ತದೆ. ನಮ್ಮ ಮುಂಗುಸಿ ನೀತಿಪಾಠವಾಗಿ ಉಳಿಯಿತು, ಅವರ ನಾಯಿ ಸಂತನಾಯಿತು. ತಾಯಂದಿರು ಆ ತೋಪಿನ ಪೊದೆಗಳಿಗೆ ಕೂಸಿನ ಬಟ್ಟೆ ಕಟ್ಟಿದರು, ಮರಕ್ಕೆ ಮೊಳೆ ಹೊಡೆದರು, ಎರಡು ಮರಗಳ ನಡುವೆ ಕೂಸನ್ನು ಈ ಕಡೆಯಿಂದ ಆ ಕಡೆಗೆ ದಾಟಿಸಿದರು. ಸ್ಟೀಫನ್ ನಾಯಿಯ ಎಲುಬುಗಳನ್ನು ಅಗೆಸಿ, ತೋಪು ಕಡಿಸಿ, ಎರಡನ್ನೂ ಸುಡಿಸಿದ. ಮತ್ತೆ ಯಾರಾದರೂ ಬಂದರೆ ಅವರ ಸೊತ್ತು ಮುಟ್ಟುಗೋಲು ಎಂದು ಊರ ಯಜಮಾನರಿಂದ ಹೇಳಿಸಿದ. ಹೆಂಗಸರು ಬರುತ್ತಲೇ ಇದ್ದರು. 19ನೇ ಶತಮಾನದ ಕೊನೆಯ ಪಾದದಲ್ಲಿ ಜಾನಪದ ಸಂಗ್ರಹಕಾರರು ಹೋಗಿ ವಿಚಾರಿಸಿದಾಗಲೂ ಆ ತೋಪಿನ ಹೆಸರು, ಅಲ್ಲಿಗೆ ಕೂಸುಗಳನ್ನು ಒಯ್ಯುವುದು ಜನರಿಗೆ ಗೊತ್ತಿತ್ತು. ಝಾನ್ ಕ್ಲೋದ್ ಶ್ಮಿಟ್ ಎಂಬ ಇತಿಹಾಸಕಾರರು 1979ರಲ್ಲಿ ಇದರ ಮೇಲೇ ಒಂದು ಪುಸ್ತಕ ಬರೆದರು.

ಈಗ ನಮ್ಮ ದೊಡ್ಡ ಸ್ವಾಮಿಯವರನ್ನು ನೆನೆಯಿರಿ. ಅವರು ಹುಟ್ಟಿದ ಸೀಮೆಯೂ ಈ ನಾಯಿಯ ತೋಪೂ ರೋನ್ ನದಿಯ ಆಸುಪಾಸಿನವೇ. ಮೈಸೂರಿನ ಬಡವರಲ್ಲಿ 25 ವರ್ಷಕ್ಕೆ ನಿಜವಾದ ನಂಬಿಕೆ ಕಾಣಲಿಲ್ಲ ಎಂದು ಅವರು ಕೈಚೆಲ್ಲಿದರು. ಅವರದೇ ದೇಶದ ತಾಯಂದಿರು ಸಾವಿರ ವರ್ಷ ದಾಟಿದ ಮೇಲೂ ಭಾನುವಾರ ಚರ್ಚಿಗೆ ಹೋಗಿ ಕೂಸಿಗೆ ಜ್ವರ ಬಂದಾಗ ನಾಯಿಯ ಹತ್ತಿರ ಹೋಗುತ್ತಿದ್ದರು. ಅವರನ್ನು ಅರೆಕ್ರೈಸ್ತರು ಎಂದು ಯಾರೂ ರಿಜಿಸ್ಟರಿನಿಂದ ತೆಗೆಯಲಿಲ್ಲ.

ನೋಡಿದರೆ ನಮ್ಮ ನಾಡಿನ ಕ್ರೈಸ್ತರ ಬದುಕೂ ಇದೇ ದಾರಿಯಲ್ಲಿ ಬೆಳೆದದ್ದು. 17ನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಾಮಿ ಮತ್ತು ಅವರ ಜೆಸ್ವಿಟ್ ಸಂಗಡಿಗರು ಸನ್ಯಾಸಿಗಳ ವೇಷ ತೊಟ್ಟು, ಕನ್ನಡ ಕಲಿತು ಹಳ್ಳಿ ಸುತ್ತಿದರು. ಅವರ ದೇವರು ಕನ್ನಡದ ಬಾಯಲ್ಲಿ ಸರ್ವೇಶ್ವರನಾದ. ಇಗ್ನೇಷಿಯಸ್ ಇನ್ನಾಸಪ್ಪನಾದ, ಕ್ಸೇವಿಯರ್ ಚೌರಪ್ಪನಾದ, ಆಂಟನಿ ಅಂತೋಣಪ್ಪನಾದ. ಮರಿಯಾ ಮರಿಯಮ್ಮನಾದಾಗ ಹಳ್ಳಿಯ ಕಿವಿಗೆ ಇನ್ನೊಬ್ಬ ಅಮ್ಮನ ಹೆಸರೂ ಜೊತೆಗೇ ಕೇಳಿಸಿರಬೇಕು. ಕರಾವಳಿಯಲ್ಲಿ ಸೆಪ್ಟೆಂಬರ್ 8ರ ಮೋಂತಿ ಹಬ್ಬದಂದು ಮೇರಿಯ ಹುಟ್ಟುಹಬ್ಬಕ್ಕೆ ಹೊಸ ಭತ್ತದ ತೆನೆಯನ್ನು ಮನೆಗೆ ತರುತ್ತಾರೆ. ನೆರೆಮನೆಯವರ ತೆನೆಹಬ್ಬವೂ ಹೆಚ್ಚುಕಡಿಮೆ ಆ ಕಾಲದ್ದೇ. ಬೆಂಗಳೂರಿನ ಶಿವಾಜಿನಗರದಲ್ಲಿ ಅದೇ ದಿನ ಸೀರೆಯುಟ್ಟ ತಾಯಿಯನ್ನು ತೇರಿನಲ್ಲಿ ಕೂರಿಸಿ ಎಳೆಯುತ್ತಾರೆ. ಕೃಷ್ಣರಾಜನಗರ ಕಡೆಯ ದೋರನಹಳ್ಳಿಯ ಸಂತ ಅಂತೋಣಿಯ ಕಥೆಯಂತೂ ಪೂರಾ ನಮ್ಮದೇ: ಉಳುತ್ತಿದ್ದ ರೈತನ ನೇಗಿಲಿಗೆ ಪ್ರತಿಮೆ ಸಿಕ್ಕಿತು, ನನಗೊಂದು ಗುಡಿ ಕಟ್ಟು ಎಂದಿತು. ನೇಗಿಲಿಗೆ ಸಿಕ್ಕ ದೇವರು ಕರ್ನಾಟಕದಲ್ಲಿ ಎಷ್ಟಿಲ್ಲ! ಜೂನ್ 13ರ ಅಲ್ಲಿಯ ಜಾತ್ರೆಗೆ ಎಲ್ಲ ಮತದವರೂ ಹರಕೆ ತೀರಿಸಲು ಹೋಗುತ್ತಾರೆ.

ನಮ್ಮೂರಿನ ಮಗ್ಗಗಳಲ್ಲಿ ಒಂದು ಹಾಸು ಮುಗಿಯುತ್ತ ಬಂದಾಗ ಹೊಸದನ್ನು ಬೇರೆಯಾಗಿ ಅಚ್ಚಿನೊಳಗೆ ತೂರಿಸುತ್ತ ಕೂರುವುದಿಲ್ಲ. ಹಳೇ ಹಾಸಿನ ಒಂದೊಂದು ಎಳೆಯ ತುದಿಗೆ ಹೊಸ ಹಾಸಿನ ಒಂದೊಂದು ಎಳೆಯನ್ನು ಕೆಚ್ಚುತ್ತಾರೆ. ರೇಷ್ಮೆ ಸೀರೆಗೆ ಸಾವಿರಾರು ಎಳೆ. ಕಣ್ಣು ಸೋಲುವ ಕೆಲಸ. ಕೆಚ್ಚಿದ ಮೇಲೆ ಹಳೆಯದನ್ನು ಎಳೆದರೆ ಹೊಸದು ಅದೇ ಅಚ್ಚಿನ ಅದೇ ಸಂದಿಗಳಲ್ಲಿ ತಾನಾಗಿ ತೂರಿ ಬರುತ್ತದೆ. ಹಳೆಯದನ್ನು ಮೊದಲೇ ಕತ್ತರಿಸಿ ಎಸೆದವನು ಪ್ರತಿಯೊಂದು ಎಳೆಯನ್ನೂ ಹೊಸದಾಗಿ ತೂರಿಸುತ್ತ ದಿನಗಟ್ಟಲೆ ಕೂರಬೇಕು. ಸಾಮಾನ್ಯರ ನಡುವೆ ಮತ ಇಳಿಯುವ ರೀತಿಯನ್ನು ಯೋಚಿಸುವಾಗ ಗ್ರೆಗರಿಯ ಬೆಟ್ಟಕ್ಕಿಂತ ಈ ಕೆಚ್ಚುವ ಕೆಲಸವೇ ನನಗೆ ಸರಿಯೆನಿಸುತ್ತದೆ.

ಆದರೆ ಈ ಹೋಲಿಕೆಯೇ ನನ್ನನ್ನು ಕಷ್ಟಕ್ಕೂ ಸಿಕ್ಕಿಸುತ್ತದೆ. ಅಚ್ಚು ಅದೇ ಆಗಿದ್ದರೆ ನೇಯ್ಗೆಯ ಅಗಲವೂ ಅದೇ ಅಲ್ಲವೇ? ನಿಧಾನವಾಗಿ, ಹಳೆಯದರ ಜೊತೆ ಹೊಂದಿಕೊಂಡು ಬಂದ ಮತ ಹಳೆಯ ಅನ್ಯಾಯದ ಜೊತೆಗೂ ಹೊಂದಿಕೊಂಡೇ ಬಂತು. ಜೆಸ್ವಿಟರು ಸನ್ಯಾಸಿ ವೇಷ ತೊಟ್ಟಾಗ ಮಡಿಯನ್ನೂ ತೊಟ್ಟರು. ದಕ್ಷಿಣದ ಮಿಷನ್ನುಗಳಲ್ಲಿ ಮೇಲುಜಾತಿಯವರಿಗೇ ಬೇರೆ ಪಾದ್ರಿಗಳು, ಅಸ್ಪೃಶ್ಯರೆನಿಸಿದವರಿಗೇ ಬೇರೆ. ಸಾಯುತ್ತಿರುವ ಹೊಲೆಯನ ಗುಡಿಸಲಿಗೆ ಹೋಗಿ ಕೊನೆಯ ಸಂಸ್ಕಾರ ಕೊಡಲು ಪಾದ್ರಿಗಳು ಹಿಂದೆಗೆಯುತ್ತಿದ್ದರು. ಹೋದರೆ ಮೇಲುಜಾತಿಯ ಕ್ರೈಸ್ತರು ಹತ್ತಿರ ಸೇರಿಸುವುದಿಲ್ಲವಲ್ಲ. 1704ರಲ್ಲಿ ಪೋಪರ ಪ್ರತಿನಿಧಿ ದ ತೂರ್ನೊ ಪುದುಚೇರಿಯಲ್ಲಿ ಕೂತು, ಗುಡಿಸಲಿನೊಳಗೆ ಹೋಗಲೇಬೇಕು ಎಂದು ಆಜ್ಞೆ ಹೊರಡಿಸಬೇಕಾಯಿತು. ಆಮೇಲೆ 40 ವರ್ಷ ಕಳೆದು 1744ರಲ್ಲಿ ಪೋಪರೇ ಮತ್ತೆ ಹೇಳಬೇಕಾಯಿತು. ತಮಿಳುನಾಡಿನ ವಡಕ್ಕನ್‌ಕುಳಂನಲ್ಲಿ ಜಾತಿ ಜಾತಿಯ ನಡುವೆ ಗೋಡೆಯೆಬ್ಬಿಸಿದ ಚರ್ಚೇ ಇತ್ತು. ಯುರೋಪಿನಲ್ಲೂ ಅಷ್ಟೆ: ದೀಕ್ಷಾಸ್ನಾನ ಪಡೆದ ಜೀತದಾಳು ಜೀತದಾಳಾಗಿಯೇ ಉಳಿದ; ಎಷ್ಟೋ ಮಠಗಳ ಜಮೀನುಗಳಲ್ಲೇ ಅವನ ಮಕ್ಕಳೂ ದುಡಿದರು.

ಹಾಗಾಗಿ ನಿಧಾನವೆಲ್ಲ ಒಳ್ಳೆಯದು, ಬೆರಕೆಯೆಲ್ಲ ಸೌಹಾರ್ದ ಎಂದು ಹಾಡುವ ಮನಸ್ಸು ನನಗಿಲ್ಲ. ಕಂಡಿಕೆ ಸುತ್ತುವ ಆಕೆಯ ವಿಷಯದಲ್ಲಿ ನಾನು ಬಹಳ ದಿನ ಕಳೆದ ಮೇಲೆ ಗಮನಿಸಿದ್ದು ಇದು. ಮಾರಮ್ಮನ ಆರತಿ ಹೊತ್ತಾಗ ಗುಡಿಯಿಂದ ಎಷ್ಟು ದೂರ ನಿಲ್ಲಬೇಕು ಎನ್ನುವುದು ಆಕೆಗೆ ಯಾರೂ ಹೇಳದೆ ಗೊತ್ತು. ಪ್ರಾರ್ಥನೆಯ ಕೋಣೆಯಲ್ಲಿ ಹಾಸಿದ ಜಮಖಾನದ ಮೇಲೆ ಎಲ್ಲಿ ಬೇಕಾದರೂ ಕೂರುತ್ತಾರೆ. ಎರಡೂ ಕಡೆ ಹೋಗುವುದು ನಿಜ. ಎರಡೂ ಕಡೆ ಆಕೆಗೆ ಸಿಗುವುದು ಒಂದೇ ಅಲ್ಲ.

ದ್ಯುಬುವಾ ಅವರ ಪಟ್ಟಿಗೆ ಇನ್ನೊಮ್ಮೆ ಹೋಗೋಣ. ಮದುವೆಗಾಗಿ ಬಂದರು, ನೆಂಟರಿಗಾಗಿ ಬಂದರು, ದಿಕ್ಕಿಗಾಗಿ ಬಂದರು. ಆದ್ದರಿಂದ ನಂಬಿಕೆ ನಿಜವಲ್ಲ. ಕರ್ನಾಟಕದಲ್ಲಿ 2022ರಲ್ಲಿ ಬಂದ ಮತಾಂತರ ತಡೆ ಕಾಯ್ದೆಯಲ್ಲಿ ಆಮಿಷ ಎಂದರೆ ಏನು ಎಂದು ಒಂದು ವಿವರಣೆ ಇತ್ತು: ಉಡುಗೊರೆ, ಹಣ, ಉದ್ಯೋಗ, ಉಚಿತ ಶಿಕ್ಷಣ, ಮದುವೆಯ ಮಾತು, ಉತ್ತಮ ಜೀವನ. ಮತ ಬದಲಿಸುವವರು 30 ದಿನ ಮುಂಚೆ ಜಿಲ್ಲಾಧಿಕಾರಿಗೆ ಬರೆದುಕೊಡಬೇಕಿತ್ತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಆ ರಾಜಕೀಯ ಇಲ್ಲಿ ಬೇಡ. ಎರಡು ಶತಮಾನಗಳ ಅಂತರದಲ್ಲಿ, ಒಂದಕ್ಕೊಂದು ಆಗದ ಎರಡು ಕಡೆಯಿಂದ ಬಂದ ಈ ಎರಡು ಪಟ್ಟಿಗಳು ಇಷ್ಟೊಂದು ಹೊಂದುತ್ತವಲ್ಲ ಎನ್ನುವುದೇ ನನಗೆ ಸೋಜಿಗ. ಎರಡರ ಹಿಂದೆಯೂ ಒಂದೇ ಎಣಿಕೆ: ನಂಬಿಕೆ ಎಂದರೆ ಹೊಟ್ಟೆ ತುಂಬಿದವನ ಮನಸ್ಸಿನಲ್ಲಿ ಒಂದು ಗೊತ್ತಾದ ದಿನ ಆಗುವ ತೀರ್ಮಾನ.

ಈ ಅಳತೆಯಲ್ಲಿ ಯುರೋಪಿನಲ್ಲಿ ಒಬ್ಬ ಕ್ರೈಸ್ತನೂ ಉಳಿಯುವುದಿಲ್ಲ. ದೊರೆಗಳಲ್ಲಿ ಎಷ್ಟೋ ಜನ ಕ್ರೈಸ್ತ ರಾಣಿಯರನ್ನು ಮದುವೆಯಾಗಿ ಕ್ರೈಸ್ತರಾದರು. ಕ್ಲೋವಿಸ್, ಎಥೆಲ್ಬರ್ಟ್ ಇಬ್ಬರ ಹೆಂಡತಿಯರೂ ಮೊದಲೇ ಕ್ರೈಸ್ತರು. ಪ್ರಜೆಗಳಿಗೆ ಮಠದ ಗಂಜಿ, ಮಠದ ಔಷಧ, ಸತ್ತರೆ ಹೂಳಲು ಜಾಗ. ನಮ್ಮಲ್ಲಿ 1876-78ರ ಬರಗಾಲ ಬಂದಾಗ ಏನಾಯಿತು? ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ತಾಯಿತಂದೆ ಸತ್ತು ದಾರಿಯಲ್ಲಿ ಬಿದ್ದಿದ್ದ ಕೂಸುಗಳನ್ನು ಮಿಷನ್ನಿನವರು ಅನಾಥಾಲಯಗಳಿಗೆ ಎತ್ತಿಕೊಂಡು ಹೋದರು. ಆ ಮಕ್ಕಳು ಕ್ರೈಸ್ತರಾಗಿ ಬೆಳೆದರು. ಅದು ಆಮಿಷವೇ? ಗಂಜಿಯ ಜೊತೆ ಬಂದ ದೇವರು ಕಡಿಮೆ ದೇವರು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಹಸಿದವನು ಅನ್ನ ಕೊಟ್ಟ ಕೈಯನ್ನು ನಂಬುವುದರಲ್ಲಿ ಮೋಸ ಎಲ್ಲಿದೆ?

ಹಾಗೆಂದು ಬಲಾತ್ಕಾರವೂ ಇಲ್ಲವೆಂದಲ್ಲ, ಇದೆ. ಶಾರ್ಲ್‌ಮೇನ್ ದೊರೆ 782ರಲ್ಲಿ ವೆರ್ಡೆನ್ ಎಂಬಲ್ಲಿ 4500 ಸ್ಯಾಕ್ಸನರ ತಲೆ ತೆಗೆಸಿದ ಎಂದು ಅವನ ಆಸ್ಥಾನದ ದಾಖಲೆಯೇ ಹೇಳುತ್ತದೆ. ದೀಕ್ಷೆಯನ್ನು ತಪ್ಪಿಸಿಕೊಂಡವನಿಗೆ ಮರಣ, ಹಳೇ ಪದ್ಧತಿಯಂತೆ ಹೆಣ ಸುಟ್ಟರೆ ಮರಣ ಎಂದು ಕಾಯ್ದೆ ಮಾಡಿದ. ಅವನ ಆಪ್ತನೇ ಆಗಿದ್ದ ಆಲ್ಕ್ವಿನ್ ಎಂಬ ಪಂಡಿತ ಇದನ್ನು ಒಪ್ಪದೆ, ನಂಬಿಕೆ ಇಷ್ಟಪಟ್ಟು ಆಗಬೇಕಾದದ್ದು, ಒತ್ತಾಯದಿಂದ ದೀಕ್ಷೆ ಕೊಡಿಸಬಹುದು, ನಂಬಿಕೆ ಬರಿಸಲಾಗದು ಎಂಬ ಅರ್ಥದಲ್ಲಿ ಕಾಗದ ಬರೆದ. ಹಾಗಾದರೆ ಗಂಜಿಗೂ ಕತ್ತಿಗೂ ಗೆರೆ ಎಳೆಯುವುದು ಎಲ್ಲಿ? ಬಂದವನ ಮನಸ್ಸಿನಲ್ಲಿ ಏನಿತ್ತು ಎಂದು ಹುಡುಕಿದರೆ ಆ ಗೆರೆ ಸಿಗುವುದಿಲ್ಲ ಎನಿಸುತ್ತದೆ. ಹಿಂದಕ್ಕೆ ಹೋಗುವ ಬಾಗಿಲು ತೆರೆದಿದೆಯೇ ಎಂದು ನೋಡಿದರೆ ಸಿಗುತ್ತದೆ. ಸ್ಯಾಕ್ಸನನಿಗೆ ಹಿಂದಿರುಗಿದರೆ ಸಾವು. ನಮ್ಮ ಹೆಣ್ಣುಮಗಳು ಬರುವ ಭಾನುವಾರ ಹೋಗದೆ ಮನೆಯಲ್ಲೇ ಇದ್ದರೆ ಏನೂ ಆಗುವುದಿಲ್ಲ. ಆ ಬಾಗಿಲು ತೆರೆದಿರುವಷ್ಟು ದಿನ ಆಕೆ ಯಾಕೆ ಹೋಗುತ್ತಾರೆ ಎಂಬುದು ನನ್ನ ಉಸಾಬರಿಯಲ್ಲ.

ತೊಂದರೆಯೆಂದರೆ ಆ ಬಾಗಿಲನ್ನು ಎರಡೂ ಕಡೆಯಿಂದ ಮುಚ್ಚುವವರಿದ್ದಾರೆ. ಆರತಿ ಹೊತ್ತರೆ ನರಕ ಎನ್ನುವವರು ಒಂದು ಕಡೆಯಿಂದ. ಇನ್ನೊಂದು ಕಡೆಯಿಂದ ಸರ್ಕಾರವೇ. 1950ರ ರಾಷ್ಟ್ರಪತಿ ಆಜ್ಞೆಯ ಪ್ರಕಾರ ಪರಿಶಿಷ್ಟ ಜಾತಿಯ ಸೌಲಭ್ಯ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ಕ್ರೈಸ್ತರನ್ನೂ ಮುಸಲ್ಮಾನರನ್ನೂ ಸೇರಿಸಲಿಲ್ಲ. ಮೀಸಲು ಕ್ಷೇತ್ರವಾದ ಪಾವಗಡದಂಥ ಕಡೆ ಇದರ ಅರ್ಥವೇನೆಂದು ಎಲ್ಲರಿಗೂ ಗೊತ್ತು. ಮಗನ ಹಾಸ್ಟೆಲ್ ಸೀಟು, ವಿದ್ಯಾರ್ಥಿವೇತನ ಜಾತಿ ಪ್ರಮಾಣಪತ್ರದ ಮೇಲೆ ನಿಂತಿರುವಾಗ ತಾಯಿ ಅರ್ಜಿಯಲ್ಲಿ ಹಿಂದೂ ಎಂದೇ ಬರೆಸುತ್ತಾಳೆ. ಭಾನುವಾರ ಹಾಡುವುದೂ ನಿಜ, ಅರ್ಜಿಯಲ್ಲಿ ಬರೆಸಿದ್ದೂ ಆಕೆಯ ಮಟ್ಟಿಗೆ ನಿಜ. ಮಾರಮ್ಮನನ್ನು ಆಕೆ ಬಿಟ್ಟಿಲ್ಲವಲ್ಲ. ಎರಡು ನಿಜಗಳಿಗೆ ಒಂದೇ ಚೌಕ ಕೊಟ್ಟು ಸುಳ್ಳು ಹೇಳಿದಳು ಎನ್ನುವುದು ಚೌಕ ಬರೆದವರ ಅನುಕೂಲ. ಊರಿನಿಂದ ಹೊರಗೆ ನಿಲ್ಲಿಸಿದ್ದು ಆಕೆಯ ಮತ ನೋಡಿ ಅಲ್ಲ. ಮತ ಬದಲಿಸಿದ ಮಾತ್ರಕ್ಕೆ ಊರು ಒಳಗೆ ಕರೆಯುವುದೂ ಇಲ್ಲ.

ದ್ಯುಬುವಾ ಅವರ ಪತ್ರಗಳಲ್ಲಿ ಅವರಿಗೆ ನಾಚಿಕೆ ತರಿಸಿದ ಇನ್ನೊಂದು ಸಂಗತಿ ಇದೆ. 1784ರಲ್ಲಿ ಟಿಪ್ಪು ಕರಾವಳಿಯ ಸಾವಿರಾರು ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ತಂದು ಬಲವಂತದಿಂದ ಮುಸಲ್ಮಾನರನ್ನಾಗಿ ಮಾಡಿದಾಗ ಒಬ್ಬನಾದರೂ ಎದೆ ಸೆಟೆಸಿ ಇಲ್ಲ ಎನ್ನಲಿಲ್ಲವಲ್ಲ ಎಂದು ಅವರು ಹಳಿಯುತ್ತಾರೆ. ಇಲ್ಲಿಯವರ ನಂಬಿಕೆ ಎಷ್ಟು ತೆಳುವೆಂಬುದಕ್ಕೆ ಅವರಿಗದು ಸಾಕ್ಷಿ. ಅದೇ ಪುಟಗಳಲ್ಲಿ ಅವರೇ ಬರೆಯುತ್ತಾರೆ: 1799ರಲ್ಲಿ ಟಿಪ್ಪು ಸತ್ತ ಮೇಲೆ ಅವರಲ್ಲಿ ಬಹಳ ಜನ ಹಿಂತಿರುಗಿ ಬಂದರು, ಬಿಟ್ಟದ್ದು ಹೊರಗೆ ಮಾತ್ರ, ಒಳಗೆ ಬಿಟ್ಟಿರಲಿಲ್ಲ ಎಂದು ಬೇಡಿಕೊಂಡರು, ಅಂಥವರು ಸುಮಾರು 2000 ಜನ ತಮ್ಮ ಬಳಿಗೇ ಬಂದರು. 15 ವರ್ಷ ಬೇರೆ ಹೆಸರಿನಲ್ಲಿ ಬದುಕಿ, ಬೇರೆ ಪ್ರಾರ್ಥನೆ ಮಾಡಿ, ಬಾಗಿಲು ತೆರೆದ ದಿನ ನಡೆದು ಬಂದ ಜನ. ತೆಳು ಎಂದು ಬರೆದರೂ ದೊಡ್ಡ ಸ್ವಾಮಿಯವರು ಅವರನ್ನು ಮರಳಿ ಕಳಿಸಲಿಲ್ಲ, ಸೇರಿಸಿಕೊಂಡರು. ಅವರು ದುಡಿದ ಹಾಸನ ಸೀಮೆಯಲ್ಲಿ ಕ್ರೈಸ್ತ ಒಕ್ಕಲುಗಳ ಹಳ್ಳಿಗಳು ಇಂದಿಗೂ ಇವೆ.

ಅವರು ಮಾತ್ರ 1823ರಲ್ಲಿ ಹೋದವರು ಮತ್ತೆ ಬರಲಿಲ್ಲ. ಪ್ಯಾರಿಸ್ಸಿನಲ್ಲಿ, ಪರದೇಶಗಳಿಗೆ ಪಾದ್ರಿಗಳನ್ನು ಕಳಿಸುವ ಅದೇ ಸಂಸ್ಥೆಯಲ್ಲಿ ಇನ್ನೂ 25 ವರ್ಷ ಬದುಕಿದ್ದರು. ಹೋಗುವಾಗ ಇಲ್ಲಿಂದ ಪಂಚತಂತ್ರವನ್ನು ಜೊತೆಗೆ ಒಯ್ದಿದ್ದರು. ತಮಿಳು, ತೆಲುಗು, ಕನ್ನಡದ ಪ್ರತಿಗಳನ್ನು ಇಟ್ಟುಕೊಂಡು ಅದನ್ನು ಫ್ರೆಂಚಿಗೆ ತಂದು 1826ರಲ್ಲಿ ಅಚ್ಚು ಹಾಕಿಸಿದರು. ಅಷ್ಟು ಹೊತ್ತಿಗೆ ಲಿಯೋನಿನ ಉತ್ತರದ ಆ ತೋಪಿನ ಪೊದೆಗಳಿಗೆ ತಾಯಂದಿರು ಕೂಸಿನ ಬಟ್ಟೆ ಕಟ್ಟತೊಡಗಿ ಆರುನೂರು ವರ್ಷ ಸಮೀಪಿಸಿತ್ತು, ಇನ್ನೂ ಕಟ್ಟುತ್ತಿದ್ದರು.